ನಿನ್ನೆ ಓಡಿದ ಕಾಲು

ನಿನ್ನೆ ಅಂಗಳವೆಲ್ಲ ಓಡಾಡಿದ ಮೂರು ವರ್ಷದ ಮಗು ಇಂದು ಚಾಪೆ ಬಿಟ್ಟು ಏಳಲೊಲ್ಲದು. ಹಿಡಿದು ನಿಲ್ಲಿಸಿದರೆ ಒಂದು ಕಾಲು ಒದ್ದೆ ಬಟ್ಟೆಯಂತೆ ಜೋಲುತ್ತದೆ. ಉಳುಕಿರಬೇಕೆಂದು ಮನೆಯವರು ಎಣ್ಣೆ ಕಾಯಿಸುತ್ತಾರೆ. ಹೀಗೆ ಕಳೆದುಹೋಗುವ ದಿನಗಳೇ ನನ್ನ ಆತಂಕ.

ನೋವಿಗೆ ಕುಂಟುವ ಮಗು ಸಾಮಾನ್ಯವಾಗಿ ಮುಟ್ಟಿದೊಡನೆ ಕಾಲೆಳೆದುಕೊಳ್ಳುತ್ತದೆ. ಬಲಗುಂದಿದ ಕಾಲನ್ನು ಎತ್ತಿ ಬಿಟ್ಟರೆ ಧೊಪ್ಪನೆ ಬೀಳುತ್ತದೆ. ಮಿದುಳಿನ ಆಜ್ಞೆ ಬೆನ್ನುಹುರಿಗೆ ಇಳಿದು, ನರದಗುಂಟ ಸ್ನಾಯು ಸೇರಬೇಕು. ದಾರಿ ಕಡಿದದ್ದೆಲ್ಲಿ ಎಂಬುದೇ ವೈದ್ಯರ ಹುಡುಕಾಟ. ಪೋಲಿಯೊ ವೈರಸ್ ಬೆನ್ನುಹುರಿಯ ಚಾಲಕ ನರಕೋಶಗಳನ್ನೇ ಕೊಲ್ಲುತ್ತದೆ. ಜ್ವರದ ಬೆನ್ನಿಗೇ ಹೆಚ್ಚಾಗಿ ಒಂದು ಬದಿಯ ಕಾಲು ಸೋಲುತ್ತದೆ, ಆದರೂ ಚಿವುಟಿದರೆ ಮಗುವಿಗೆ ತಿಳಿಯುತ್ತದೆ. ಗಿಲಾನ್-ಬಾರೆ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ಎರಗುತ್ತದೆ. ಭೇದಿಯೋ ನೆಗಡಿಯೋ ಆಗಿ ಒಂದೆರಡು ವಾರದಲ್ಲಿ ಎರಡೂ ಕಾಲು ಸೋತು, ಸೋಲು ಮೇಲೇರುತ್ತದೆ. ಎದೆ ತಲುಪಿದರೆ ಉಸಿರೇ ಅಪಾಯದಲ್ಲಿ. ಬೆನ್ನುಹುರಿಗೆ ಉರಿಯೂತವಾದರೆ ಮೂತ್ರ ಕಟ್ಟಬಹುದು. ಪೃಷ್ಠಕ್ಕೆ ಚುಚ್ಚಿದ ಸೂಜಿ ನರಕ್ಕೆ ತಗುಲಿದರೂ ಆ ಕಾಲು ಸೋಲುತ್ತದೆ. ನೆಲದ ಮೇಲೆ ಮಲಗಿದ್ದ ಮಗುವಿನ ರೆಪ್ಪೆ ಬೆಳಿಗ್ಗೆ ಇಳಿಬಿದ್ದಿದ್ದರೆ ಕಟ್ಟುಹಾವನ್ನು ನೆನೆಯಲೇಬೇಕು. ಅದರ ಕಡಿತದ ಗುರುತು ಕಾಣದೆಯೂ ಇರಬಹುದು.

15 ವರ್ಷದೊಳಗಿನ ಯಾವ ಮಗುವಿನ ಕೈಕಾಲು ಹೀಗೆ ಸೋತರೂ ಆಸ್ಪತ್ರೆ ವರದಿ ಮಾಡಬೇಕೆಂಬ ಕಣ್ಗಾವಲು ನಮ್ಮಲ್ಲಿ 1997ರಿಂದ ಇದೆ. ಕೈಕಾಲು ಸೋತ 14 ದಿನದೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ ಎರಡು ಬಾರಿ ಮಲದ ಮಾದರಿ ತೆಗೆದು, ತಂಪು ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ತಡವಾದಷ್ಟೂ ಪೋಲಿಯೊ ವೈರಸ್ ಸಿಗುವ ಸಾಧ್ಯತೆ ಇಳಿಯುತ್ತದೆ. ನಮ್ಮ ದೇಶದ ಕೊನೆಯ ಕಾಡು (ನಿಸರ್ಗದಲ್ಲಿ ಹರಡುವ ಮೂಲ ವೈರಸ್‌ನ) ಪೋಲಿಯೊ ಪ್ರಕರಣ 2011ರ ಜನವರಿ 13ರಂದು ಹೌರಾದ ಒಂದು ಹೆಣ್ಣುಮಗುವಿನದು. 2014ರ ಮಾರ್ಚ್ 27ರಂದು ಭಾರತವೂ ಸೇರಿ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಹಾಗಿದ್ದೂ ಕಣ್ಗಾವಲು ಏಕೆ? ಸೋಂಕಾದ ಸುಮಾರು 200 ಮಂದಿಯಲ್ಲಿ ಒಬ್ಬರಿಗಷ್ಟೇ ಕಾಲು ಸೋಲುತ್ತದೆ. ಒಂದು ಮಗು ಕಣ್ಣಿಗೆ ಬೀಳುವ ಹೊತ್ತಿಗೆ ವೈರಸ್ ಊರೆಲ್ಲ ಸುತ್ತಿರುತ್ತದೆ. ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಅದಿನ್ನೂ ಬದುಕಿದೆ.

ಮಗುವಿನ ಕಾಲೋ ಕೈಯೋ ಹಠಾತ್ತನೆ ಸೋತರೆ ತಿಕ್ಕಬೇಡಿ, ಚುಚ್ಚುಮದ್ದು ಹಾಕಿಸಿ ಕಾಯಬೇಡಿ. ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಉಸಿರಾಟ, ನುಂಗುವಿಕೆ ಕಷ್ಟವಾದರೆ ಒಂದು ಗಳಿಗೆಯೂ ತಡಮಾಡಬೇಡಿ. ಆರೋಗ್ಯ ಕಾರ್ಯಕರ್ತೆ ಮಲದ ಮಾದರಿ ಕೇಳಿ ಬಂದರೆ, ಎರಡೂ ಬಾರಿ ಕೊಡಿ.