ಬೆಂಡೆಯ ಲೋಳೆ, ಮಣ್ಣಿನ ಕಣ

ಮಂಡ್ಯ, ಮದ್ದೂರು ಕಡೆಯ ಆಲೆಮನೆಗಳಲ್ಲಿ ಗಾಣದಿಂದ ಇಳಿಯುವ ಕಬ್ಬಿನ ಹಾಲು ಮಾಸಲು ಬಣ್ಣದ್ದು. ಅದರಲ್ಲಿ ಮೇಣ, ಪ್ರೋಟೀನು, ಸಿಪ್ಪೆಯ ಪುಡಿಯ ಜೊತೆಗೆ ಗದ್ದೆಯ ಮಣ್ಣೂ ಬೆರೆತಿರುತ್ತದೆ. ಮಣ್ಣೆಂದರೆ ಬಹುಪಾಲು ಸಿಲಿಕಾ ಮತ್ತು ಸಿಲಿಕೇಟು. ಕೊಪ್ಪರಿಗೆ ಕಾಯುವಾಗ ಸುಣ್ಣದ ತಿಳಿ ಹಾಕುತ್ತಾರೆ. ಹಳೆಯ ಪದ್ಧತಿಯಲ್ಲಿ ಬೆಂಡೆ ಗಿಡವನ್ನು ಜಜ್ಜಿ, ನೀರಿನಲ್ಲಿ ಕಿವುಚಿ ತೆಗೆದ ಲೋಳೆಯನ್ನೂ ಸುರಿಯುತ್ತಾರೆ. ಕೊಳೆ ಒಂದಕ್ಕೊಂದು ಅಂಟಿ ಮಡ್ಡಿಯಾಗಿ ಮೇಲೇಳುತ್ತದೆ. ಅದನ್ನು ತೆಗೆದರೆ ಹಾಲು ತಿಳಿ. ಬಣ್ಣಕ್ಕೆಂದು ಹಾಕುವ ಹೈಡ್ರೋಸಿನ ಕಥೆಯೇ ಬೇರೆ: ಅದು ಬಣ್ಣ ಕಳೆಯುತ್ತದೆ, ಕೊಳೆಯನ್ನು ಹಿಡಿಯುವುದಿಲ್ಲ.

ಲೋಳೆಯಲ್ಲಿರುವುದು ನೀರಿನಲ್ಲಿ ಕರಗುವ ಪಾಲಿಮರ್. ಗ್ಯಾಲಕ್ಟೋಸ್, ರ‍್ಯಾಮ್ನೋಸ್, ಗ್ಯಾಲಕ್ಟುರಾನಿಕ್ ಆಮ್ಲದಂಥ ಸಣ್ಣ ಘಟಕಗಳು ಸಾವಿರಗಟ್ಟಲೆ ಕೂಡಿದ ಸರಪಳಿ ಅದು. ಸಿಲಿಕಾ ಕಣದ ಮೈಮೇಲೂ ಹಿಡಿಕೆಗಳಿವೆ: ಪ್ರತಿ ಚದರ ನ್ಯಾನೊಮೀಟರಿಗೆ ಸುಮಾರು 5 ಹೈಡ್ರಾಕ್ಸಿಲ್ ಗುಂಪುಗಳು. ಸರಪಳಿಯ ಆಮ್ಲಜನಕಗಳು ಇವುಗಳೊಡನೆ ಹೈಡ್ರೋಜನ್ ಬಂಧ ಕಟ್ಟುತ್ತವೆ. ಮೈಗೆ ಅಂಟಿಕೊಂಡಿದ್ದ ನೀರಿನ ಅಣುಗಳು ಬಿಡುಗಡೆಯಾಗಿ ಜಾಗ ಬಿಟ್ಟುಕೊಡುವುದೂ ಈ ಅಂಟಿಗೆ ಅನುಕೂಲ.

ಒಂದೊಂದೇ ಬಂಧ ನೋಡಿದರೆ ತೀರಾ ದುರ್ಬಲ. ನೀರಿನ ಅಣುಗಳ ತಳ್ಳಾಟಕ್ಕೇ ಬಿಟ್ಟುಹೋಗುವಷ್ಟು. ಆದರೂ ಪಾಲಿಮರ್ ಕಣವನ್ನು ಸುಲಭಕ್ಕೆ ಬಿಡುವುದಿಲ್ಲ. ಗೆಣಸಿನ ಬಳ್ಳಿ ಗೆಣ್ಣುಗೆಣ್ಣಿಗೂ ಬೇರೂರುತ್ತದೆ; ಒಂದು ಬೇರು ಕಿತ್ತರೆ ಬಳ್ಳಿ ಬರುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ಕೀಳಬೇಕು. ಸರಪಳಿಯೂ ಹಾಗೆಯೇ. ಅದರ ಕೆಲವು ತುಂಡುಗಳು ಮೈಗೆ ಒತ್ತಿ ಮಲಗಿರುತ್ತವೆ, ನಡುನಡುವೆ ಕುಣಿಕೆಗಳು ಮೇಲೇಳುತ್ತವೆ, ತುದಿಗಳು ಬಾಲದಂತೆ ನೀರಿಗೆ ಚಾಚಿರುತ್ತವೆ. ಆ ಕುಣಿಕೆ, ಬಾಲಗಳೇ ಪಕ್ಕದ ಕಣವನ್ನು ಹಿಡಿದು ಸೇತುವೆ ಕಟ್ಟುವುದು.

ಪಾಲಿಮರ್ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಣದ ಮೈ ಪೂರ್ತಿ ಮುಚ್ಚಿಹೋದರೆ ಇನ್ನೊಂದು ಕಣದ ಬಾಲಕ್ಕೆ ಕೂರಲು ಜಾಗವೇ ಇರದು. ಆಗ ಹೊದಿಕೆ ಹೊದ್ದ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಕೊಳೆ ನೀರಿನಲ್ಲೇ ತೇಲುತ್ತದೆ. ಬಣ್ಣ, ಶಾಯಿ ತಯಾರಿಸುವವರಿಗೆ ಬೇಕಾದದ್ದು ಇದೇ. ಬೆಲ್ಲ ಬೇಯಿಸುವವರಿಗೆ ಬೇಡವಾದದ್ದೂ ಇದೇ.

ವಿದ್ಯುದಾವೇಶದ ತೊಡಕು ಇನ್ನೊಂದು. ನೀರಿನ ಪಿಎಚ್ ಸುಮಾರು 2–3 ದಾಟಿದರೆ ಸಿಲಿಕಾದ ಮೈ ಋಣಾವೇಶ ಪಡೆಯುತ್ತದೆ. ಬೆಂಡೆಯ ಲೋಳೆಯದೂ ಋಣಾವೇಶವೇ. ಒಂದನ್ನೊಂದು ದೂರವಿಡಬೇಕಾದ ಇವೆರಡರ ನಡುವೆ ಸುಣ್ಣದ ಕ್ಯಾಲ್ಸಿಯಂ ಎರಡು ಧನಾವೇಶದೊಂದಿಗೆ ಮಧ್ಯಸ್ಥಿಕೆಗೆ ನಿಲ್ಲಬಲ್ಲದು. ಕೆಸರು ನೀರು ತಿಳಿಮಾಡಲು ಬಳಸುವ ನುಗ್ಗೆ ಬೀಜಕ್ಕೆ ಆ ನೆರವು ಬೇಕಿಲ್ಲ. ಅದರ ಪ್ರೋಟೀನಿಗೇ ಧನಾವೇಶವಿರುವುದರಿಂದ ಕೆಸರಿನ ಕಣಕ್ಕೂ ಮರಳಿಗೂ ನೇರವಾಗಿ ಅಂಟುತ್ತದೆ. ಪಿಎಚ್ ತೀರಾ ಏರಿದಾಗ ಸಿಲಿಕಾದ ಹೈಡ್ರಾಕ್ಸಿಲ್‌ಗಳು ಹೈಡ್ರೋಜನ್ ಕಳೆದುಕೊಳ್ಳುತ್ತವೆ. ಹೈಡ್ರೋಜನ್ ಬಂಧವನ್ನೇ ನೆಚ್ಚಿದ ಪಾಲಿಎಥಿಲೀನ್ ಆಕ್ಸೈಡಿನಂಥ ಪಾಲಿಮರ್ ಆಗ ಹಿಡಿತ ಬಿಡುತ್ತದೆ.

ಮಂಡ್ಯಕ್ಕೆ 1930ರ ದಶಕದಲ್ಲಿ ಮೈಷುಗರ್ ಬಂದು, ಆಲೆಮನೆಯ ಪಕ್ಕಕ್ಕೆ ಕಾರ್ಖಾನೆಯೂ ಸೇರಿತು. ಇಂದಿನ ಸಕ್ಕರೆ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಲೋಳೆಯ ಜಾಗದಲ್ಲಿರುವುದು ಪಾಲಿಅಕ್ರಿಲಮೈಡ್. ಸರಪಳಿ ಬಹಳ ಉದ್ದವಾದ್ದರಿಂದ ಲೀಟರ್ ರಸಕ್ಕೆ ಕೆಲವೇ ಮಿಲಿಗ್ರಾಂ ಸಾಕು. ಇಲ್ಲಿ ಮಡ್ಡಿ ಮೇಲೇಳುವುದಿಲ್ಲ, ತೊಟ್ಟಿಯ ತಳಕ್ಕೆ ಇಳಿಯುತ್ತದೆ.

ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕೆಲಸ ಸಿಹಿ ರಸದ್ದಲ್ಲ, ಕಾವೇರಿಯದು. ಬೆಂಗಳೂರಿಗೆ ಹೋಗುವ ನೀರನ್ನು ಶುದ್ಧೀಕರಿಸುವುದು ಇಲ್ಲಿಯೇ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ನೀರು ಯೋಜನೆಯ ಐದನೇ ಹಂತವೊಂದರ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ನದಿಯ ನೀರು ತಿಳಿಮಾಡುವಾಗ ಮೊದಲ ಪಾತ್ರ ಪಟಿಕದಂಥ ಅಲ್ಯುಮಿನಿಯಂ ಲವಣಗಳದು. ಕಣದ ಋಣಾವೇಶವನ್ನು ಅವು ತಗ್ಗಿಸುತ್ತವೆ. ಬೇಕಾದಾಗ ಪಾಲಿಮರ್ ಆ ಸಣ್ಣ ಗಂಟುಗಳನ್ನು ದೊಡ್ಡ ಗಂಟಾಗಿ ಕಟ್ಟುತ್ತದೆ. ಮುಂಗಾರಿನಲ್ಲಿ ನದಿ ಕೆಂಪಾದಾಗ ಕಣಗಳ ಒಟ್ಟು ಮೈ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆದ್ದರಿಂದ ಶುದ್ಧೀಕರಣ ಘಟಕಗಳಲ್ಲಿ ನೀರನ್ನು ಸಾಲು ಜಾಡಿಗಳಿಗೆ ತುಂಬಿ, ಒಂದೊಂದಕ್ಕೆ ಒಂದೊಂದು ಪ್ರಮಾಣ ಹಾಕಿ ಕಲಕಿ, ಯಾವುದು ಚೆನ್ನಾಗಿ ತಿಳಿಯಾಯಿತೆಂದು ನೋಡಿ ಅಂದಿನ ಅಳತೆ ಗೊತ್ತುಮಾಡುತ್ತಾರೆ.