ಪೆದ್ದು ಸಸಿ ಕೊಟ್ಟ ಹಾರ್ಮೋನು

ಭತ್ತದ ಸಸಿಮಡಿಯಲ್ಲಿ ಕೆಲವೊಮ್ಮೆ ಅಲ್ಲೊಂದು ಇಲ್ಲೊಂದು ಪೈರು ಉಳಿದವನ್ನೆಲ್ಲ ಮೀರಿ ಎತ್ತರಕ್ಕೆ ನಿಂತಿರುತ್ತದೆ. ದೂರದಿಂದ ಹುಲುಸಾಗಿ ಬೆಳೆದಂತೆ ಕಂಡರೂ ಹತ್ತಿರ ಹೋದರೆ ಕಾಂಡ ಸಣಕಲು, ಎಲೆ ಬಿಳಿಚಿದ ಹಸಿರು. ಕೆಳಗಿನ ಗೆಣ್ಣುಗಳಲ್ಲಿ ನೆಲ ಮುಟ್ಟದ ಬೇರುಗಳು ಒಡೆದಿರುತ್ತವೆ. ಬುಡದ ಬಳಿ ಬಿಳಿ ಅಥವಾ ನಸುಗೆಂಪು ಬೂಷ್ಟು. ನಾಟಿಯಾದ ಮೇಲೆ ಇಂಥ ಪೈರುಗಳಲ್ಲಿ ಹೆಚ್ಚಿನವು ಸಾಯುತ್ತವೆ, ಬದುಕಿ ತೆನೆ ಬಿಟ್ಟರೂ ಕಾಳು ಜೊಳ್ಳು. ಜಪಾನಿನ ರೈತರು ಇದಕ್ಕೆ ‘ಬಕಾನೇ’ ಎನ್ನುತ್ತಾರೆ, ಅಂದರೆ ಪೆದ್ದು ಸಸಿ.

ಈ ರೋಗಕ್ಕೆ ಶಿಲೀಂಧ್ರ ಕಾರಣವೆಂದು 1898ರಲ್ಲಿ ಶೋತಾರೋ ಹೋರಿ ತೋರಿಸಿದರು. ಅದರ ಇಂದಿನ ಹೆಸರು ಫ್ಯುಸೇರಿಯಂ ಫ್ಯುಜಿಕುರೊಯಿ. ಜಿಬ್ಬರೆಲ್ಲಾ ಫ್ಯುಜಿಕುರೊಯಿ ಎಂಬುದು ಹಳೆಯ ಹೆಸರು. ಆದರೆ ರೋಗ ತಗುಲಿದ ಗಿಡ ಸಾಮಾನ್ಯವಾಗಿ ಕುಗ್ಗುತ್ತದೆ. ಇದೊಂದು ರೋಗ ಗಿಡವನ್ನು ಬೆಳೆಸುವುದೇಕೆ?

ಉತ್ತರದ ಎಳೆ ಸಿಕ್ಕಿದ್ದು ಆಗ ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನಲ್ಲಿ. ಅಲ್ಲಿ ಸಸ್ಯರೋಗಗಳ ಸಂಶೋಧಕರಾಗಿದ್ದ ಎಯಿಚಿ ಕುರೊಸಾವಾ ಶಿಲೀಂಧ್ರವನ್ನು ಪೋಷಕ ದ್ರವದಲ್ಲಿ ಬೆಳೆಸಿ, ಆಮೇಲೆ ಅದನ್ನು ಪೂರ್ತಿ ಸೋಸಿ ತೆಗೆದರು. ಉಳಿದ ತಿಳಿಯಲ್ಲಿ ಜೀವವಿರುವ ಯಾವುದೂ ಇರಲಿಲ್ಲ. ಅದನ್ನು ಆರೋಗ್ಯವಂತ ಭತ್ತದ ಸಸಿಗಳಿಗೆ ಕೊಟ್ಟಾಗ ಅವೂ ಪೆದ್ದು ಸಸಿಗಳಂತೆಯೇ ಉದ್ದಕ್ಕೆ ಎದ್ದವು. ಕಾಯಿಸಿದರೂ ಆ ತಿಳಿಯ ಗುಣ ಹೋಗಲಿಲ್ಲ. ಅಂದರೆ ಗಿಡವನ್ನು ಎಳೆಯುತ್ತಿದ್ದುದು ಶಿಲೀಂಧ್ರದ ಇರವಲ್ಲ, ಅದು ಹೊರಬಿಡುವ ಒಂದು ರಾಸಾಯನಿಕ. 1926ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ ಬೇಕಾಗಿದ್ದ ಸಲಕರಣೆ ಅತ್ಯಲ್ಪ. ಸಸ್ಯವಿಜ್ಞಾನದಲ್ಲಿ ಇಷ್ಟು ಸರಳವಾಗಿದ್ದು ಇಷ್ಟು ದೂರ ಸಾಗಿದ ಪ್ರಯೋಗಗಳು ವಿರಳ.

ಆ ವಸ್ತುವನ್ನು ಬೇರ್ಪಡಿಸುವ ಕೆಲಸ ತೋಕಿಯೊ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ತೇಜಿರೊ ಯಾಬುತಾ ಅವರ ಪಾಲಿಗೆ ಬಂತು. ಮೊದಲು ಸಿಕ್ಕಿದ್ದು ತದ್ವಿರುದ್ಧ ಗುಣದ ವಸ್ತು. ಅದೇ ಶಿಲೀಂಧ್ರ ಬೆಳವಣಿಗೆಯನ್ನು ತಡೆಯುವ ಫ್ಯುಸೇರಿಕ್ ಆಮ್ಲವನ್ನೂ ತಯಾರಿಸುತ್ತಿತ್ತು, ಒಂದರ ಪರಿಣಾಮವನ್ನು ಇನ್ನೊಂದು ಮರೆಮಾಡುತ್ತಿತ್ತು. ಪೋಷಕ ದ್ರವದ ಪಾಕ ಬದಲಿಸಿ ಈ ತೊಡಕನ್ನು ದಾಟಿದ ಮೇಲೆ ಯಾಬುತಾ 1935ರಲ್ಲಿ ತಮ್ಮ ವಸ್ತುವಿಗೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. 1938ರಲ್ಲಿ ಯಾಬುತಾ ಮತ್ತು ಅವರ ಜೊತೆಗಾರ ಸುಮಿಕಿ ಅದನ್ನು ಹರಳುರೂಪದಲ್ಲಿ ಪಡೆದರು.

ಜಪಾನಿನ ಹೊರಗೆ ಈ ಕೆಲಸಕ್ಕೆ ಗಮನ ಸಿಕ್ಕಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆಯೇ. 1950ರ ದಶಕದಲ್ಲಿ ಬ್ರಿಟನ್ ಮತ್ತು ಅಮೆರಿಕದ ಪ್ರಯೋಗಾಲಯಗಳು ಜಿಬ್ಬರೆಲಿನ್‌ಗಳಲ್ಲೊಂದಾದ ಜಿಬ್ಬರೆಲಿಕ್ ಆಮ್ಲವನ್ನು ಬೇರ್ಪಡಿಸಿದವು. 1956ರಲ್ಲಿ ಬರ್ನಾರ್ಡ್ ಫಿನ್ನಿ, ಹುಟ್ಟಿನಿಂದಲೇ ಗಿಡ್ಡವಾದ ಕೆಲವು ಮುಸುಕಿನ ಜೋಳದ ತಳಿಗಳಿಗೆ ಅದನ್ನು ಕೊಟ್ಟಾಗ ಅವು ಮಾಮೂಲಿ ಎತ್ತರಕ್ಕೆ ಬೆಳೆದವು. ಆ ಗಿಡಗಳಲ್ಲಿ ಕೊರತೆಯಾಗಿದ್ದುದು ಇದೇ ವಸ್ತುವಿರಬೇಕು. 1958ರಲ್ಲಿ ಮ್ಯಾಕ್‌ಮಿಲನ್ ಮತ್ತು ಸ್ಯೂಟರ್ ಹುರುಳಿಕಾಯಿ ಜಾತಿಯ ಬಳ್ಳಿಯೊಂದರ ಎಳೆ ಬೀಜದಿಂದ ಜಿಬ್ಬರೆಲಿನ್ ಹೊರತೆಗೆದಾಗ ಸಂಶಯ ತೀರಿತು. ಶಿಲೀಂಧ್ರದ ವಿಷವೆಂದುಕೊಂಡದ್ದು ಗಿಡಗಳ ಸ್ವಂತ ಹಾರ್ಮೋನಾಗಿತ್ತು! ಗಿಡ ಅದನ್ನು ಅಳೆದು ಸುರಿಯುತ್ತದೆ. ಶಿಲೀಂಧ್ರ ಅದನ್ನೇ ತನ್ನದೇ ಬೇರೆ ದಾರಿಯಲ್ಲಿ ತಯಾರಿಸಿ ಮಿತಿಯಿಲ್ಲದೆ ಸುರಿಯುತ್ತದೆ.

ಗಿಡದ ಕೋಶಗಳಲ್ಲಿ ಬೆಳವಣಿಗೆಯನ್ನು ಹಿಡಿದಿಡುವ ‘ಡೆಲ್ಲಾ’ ಎಂಬ ಪ್ರೋಟೀನುಗಳಿವೆ. ಜಿಬ್ಬರೆಲಿನ್ ಬಂದಾಗ ಅವು ನಾಶವಾಗಿ ಕಾಂಡ ನೀಳವಾಗುತ್ತದೆ. ಧಾನ್ಯ ಮೊಳೆಯುವಾಗಲೂ ಇದಕ್ಕೆ ಕೆಲಸವಿದೆ: ಭ್ರೂಣ ಕಳಿಸುವ ಜಿಬ್ಬರೆಲಿನ್ ಕಾಳಿನ ಹೊರಪದರದಲ್ಲಿ ಪಿಷ್ಟ ಒಡೆಯುವ ಕಿಣ್ವವನ್ನು ಎಬ್ಬಿಸುತ್ತದೆ. ಬಾರ್ಲಿಯಲ್ಲಿ ಇದು ವಿವರವಾಗಿ ತಿಳಿದಿದೆ. ಹಸಿರು ಕ್ರಾಂತಿಯ ಗಿಡ್ಡ ತಳಿಗಳ ಗುಟ್ಟೂ ಇಲ್ಲಿಯೇ. 1966ರಲ್ಲಿ ಬಿಡುಗಡೆಯಾದ ಐಆರ್8 ಭತ್ತದಲ್ಲಿ ಜಿಬ್ಬರೆಲಿನ್ ತಯಾರಿಸುವ ಒಂದು ಜೀನ್ ಕೆಟ್ಟಿದೆ. ಹಾಗಾಗಿ ಅದು ಗಿಡ್ಡ, ಗೊಬ್ಬರ ಹಾಕಿದರೂ ಬಾಗಿ ಬೀಳದು.

ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಜಿಬ್ಬರೆಲಿಕ್ ಆಮ್ಲವೆಂದರೆ ‘ಜಿಎ’. ದ್ರಾಕ್ಷಿಯ ಬೀಜ ತಾನೇ ಜಿಬ್ಬರೆಲಿನ್ ಸ್ರವಿಸಿ ಹಣ್ಣನ್ನು ದಪ್ಪವಾಗಿಸುತ್ತದೆ. ಬೀಜರಹಿತ ತಳಿಯಲ್ಲಿ ಆ ಸೌಲಭ್ಯವಿಲ್ಲದ್ದರಿಂದ ಗೊಂಚಲನ್ನು ಜಿಎ ದ್ರಾವಣದಲ್ಲಿ ಅದ್ದಬೇಕಾಗುತ್ತದೆ. ಕಾರ್ಖಾನೆಗಳಲ್ಲಿ ಅದನ್ನು ಇಂದಿಗೂ ತಯಾರಿಸುವುದು ಪೆದ್ದು ಸಸಿಯ ಶಿಲೀಂಧ್ರವನ್ನೇ ತೊಟ್ಟಿಗಳಲ್ಲಿ ಹುದುಗಿಸಿ.

ರೋಗ ಮಾತ್ರ ಭತ್ತದ ನಾಡುಗಳಲ್ಲಿ ಉಳಿದೇ ಇದೆ. ಅದು ಮುಖ್ಯವಾಗಿ ಬಿತ್ತನೆ ಬೀಜದ ಮೂಲಕ ಹರಡುವುದರಿಂದ ಉಪ್ಪುನೀರಿನಲ್ಲಿ ತೇಲುವ ಜೊಳ್ಳನ್ನು ತೆಗೆದು, ಮುಳುಗಿದ ಗಟ್ಟಿ ಕಾಳನ್ನು ತೊಳೆದು ಬೀಜೋಪಚಾರ ಮಾಡಿ ಬಿತ್ತುವುದೇ ಅದಕ್ಕೆ ಮೊದಲ ತಡೆ.