ರೋಗಿಯನ್ನು ಎತ್ತುವ ಶಾಸ್ತ್ರ

ನವಲಗುಂದದ ಪೇಟೆಯಲ್ಲಿ ಕಡಲೆ ಅಥವಾ ಹೆಸರಿನ ಚೀಲವನ್ನು ಹೊರುವ ಹಮಾಲನನ್ನು ಗಮನಿಸಿರಿ. ಅವನು ಚೀಲವನ್ನು ಎಂದಿಗೂ ಕೈ ಚಾಚಿ ಎತ್ತುವುದಿಲ್ಲ. ಮೊದಲು ಅದನ್ನು ಮೈಗೆ ಆನಿಸಿಕೊಳ್ಳುವನು. ಅನಂತರ ಬೆನ್ನಿನ ಮೇಲೆ ಏರಿಸಿಕೊಂಡು ಕಾಲುಗಳ ಬಲದಿಂದ ನಡೆಯುವನು. ಯಂತ್ರಶಾಸ್ತ್ರದ ಮೊದಲ ಪಾಠವನ್ನು ಅವನು ಶಾಲೆಯಲ್ಲಲ್ಲ, ಅನುಭವದಿಂದ ಕಲಿತಿರುವನು. ಆದರೆ ಆಸ್ಪತ್ರೆಯ ದಾದಿಗೆ ಒದಗುವ ಭಾರವು ಚೀಲವಲ್ಲ, ಮನುಷ್ಯ. ಮನುಷ್ಯನಿಗೆ ಹಿಡಿಕೆಗಳಿಲ್ಲ, ಅವನ ತೂಕವು ಸಮನಾಗಿ ಹಂಚಿಕೆಯಾಗಿಲ್ಲ, ನೋವಾದರೆ ಅವನು ಥಟ್ಟನೆ ಹೊರಳುವನು. ಆದುದರಿಂದ ರೋಗಿಯನ್ನು ಸರಿಸುವುದು ಚೀಲ ಹೊರುವುದಕ್ಕಿಂತ ಕಠಿನವಾದ ವಿದ್ಯೆ.

ಈ ವಿದ್ಯೆಯ ಅವಶ್ಯಕತೆ ಎಷ್ಟು ಬಾರಿ ಬೀಳುವುದೆಂಬುದನ್ನು ಎಣಿಸೋಣ. ನವಲಗುಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವೃದ್ಧರೊಬ್ಬರಿಗೆ ಪಾರ್ಶ್ವವಾಯು ಬಡಿಯಿತೆಂದು ಭಾವಿಸಿರಿ. 2008ರಲ್ಲಿ ಕರ್ನಾಟಕದಲ್ಲಿ ಆರಂಭವಾದ 108 ವಾಹನವು ಬರುವುದು. ಮನೆಯ ಹಾಸಿಗೆಯಿಂದ ಸ್ಟ್ರೆಚರಿಗೆ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಯ ಮಂಚಕ್ಕೆ, ಮತ್ತೆ ಸ್ಟ್ರೆಚರಿಗೆ, ಸುಮಾರು 35 ಕಿಲೋಮೀಟರ್ ದೂರದ ಹುಬ್ಬಳ್ಳಿಯಲ್ಲಿ, 1957ರಲ್ಲಿ ಸ್ಥಾಪಿತವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಮಂಚಕ್ಕೆ — ಹೀಗೆ ಒಂದೇ ದಿನದಲ್ಲಿ ನಾಲ್ಕು ಸ್ಥಳಾಂತರಗಳು. ಅನಂತರ ಹಾಸಿಗೆಹುಣ್ಣು ಆಗದಂತೆ ಹಗಲೂ ರಾತ್ರಿಯೂ ಮಗ್ಗುಲು ಬದಲಿಸುವ ಕೆಲಸ ಬೇರೆ.

ಬೆನ್ನಿಗೆ ಅಪಾಯವು ಹೇಗೆ ಒದಗುವುದು? ನಮ್ಮ ಬೆನ್ನೆಲುಬು ಕಶೇರುಮಣಿಗಳ ಕಂಬ. ಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಬಾಗಿ ಭಾರವೆತ್ತುವಾಗ ಸೊಂಟವು ಸನ್ನೆಯ ಆಧಾರಬಿಂದುವಾಗುವುದು. ಮುಂದಿನ ತೋಳು ಉದ್ದ; ಬೆನ್ನಿನ ಸ್ನಾಯುಗಳು ಎಳೆಯುವ ಹಿಂದಿನ ತೋಳು ಸುಮಾರು 5 ಸೆಂಟಿಮೀಟರ್ ಮಾತ್ರ. 20 ಕಿಲೋ ಭಾರವು ಸೊಂಟದಿಂದ 40 ಸೆಂಟಿಮೀಟರ್ ದೂರದಲ್ಲಿದ್ದರೆ ಗುಣಲಬ್ಧ 800. ಮುಂದೆ ಬಾಗಿದ ಮೇಲ್ಮೈಯ 35 ಕಿಲೋ ತೂಕವು 20 ಸೆಂಟಿಮೀಟರ್ ದೂರದಲ್ಲಿದ್ದರೆ ಇನ್ನು 700. ಒಟ್ಟು 1500ನ್ನು 5ರಿಂದ ಭಾಗಿಸಿರಿ: ಸ್ನಾಯುಗಳು 300 ಕಿಲೋ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕು! ಆ ಎಳೆತವೆಲ್ಲವೂ ಬಿಲ್ಲೆಗಳನ್ನು ಅದುಮುವುದು. ಅದೇ ಭಾರವನ್ನು 20 ಸೆಂಟಿಮೀಟರಿಗೆ ತಂದುಕೊಂಡು, ಮೈಯನ್ನು 5 ಸೆಂಟಿಮೀಟರಿನಷ್ಟು ಮಾತ್ರ ಬಾಗಿಸಿದರೆ ಅದು 115 ಕಿಲೋಗೆ ಇಳಿಯುವುದು. ಇದು ಸರಳಗೊಳಿಸಿದ ಲೆಕ್ಕವಾದರೂ ತತ್ತ್ವವು ನಿಜವಾದುದು. 1960ರ ದಶಕದಲ್ಲಿ ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನಾಕೆಮ್ಸನ್ ಜೀವಂತ ಮನುಷ್ಯರ ಬಿಲ್ಲೆಯೊಳಗೆ ಸೂಜಿಯನ್ನಿಟ್ಟು ಒತ್ತಡವನ್ನು ಅಳೆದರು. ಮಲಗಿದಾಗ ಅದು ಅಲ್ಪವೆಂದೂ, ಭಾರ ಹಿಡಿದು ಮುಂದೆ ಬಾಗಿದಾಗ ಬಹಳ ಅಧಿಕವೆಂದೂ ಕಂಡುಬಂದಿತು.

ಹಾಗಾದರೆ ದಾದಿಯು ಅನುಸರಿಸಬೇಕಾದ ಕ್ರಮವೇನು? ಮೊದಲು ಯೋಚನೆ, ಆಮೇಲೆ ಕೈ. ರೋಗಿಯು ತಾನಾಗಿ ಎಷ್ಟು ಚಲಿಸಬಲ್ಲನೆಂದು ಕೇಳಬೇಕು. ಮಾಡಲಿರುವುದನ್ನು ಅವನಿಗೆ ವಿವರಿಸಬೇಕು. ಮಂಚದ ಗಾಲಿಗಳಿಗೆ ತಡೆ ಹಾಕಿ, ಸಾಧ್ಯವಿದ್ದರೆ ಮಂಚವನ್ನು ಸೊಂಟದ ಮಟ್ಟಕ್ಕೆ ಏರಿಸಬೇಕು. ಒಂದು ಪಾದವನ್ನು ಮುಂದಿಟ್ಟು, ಮೊಣಕಾಲುಗಳನ್ನು ತುಸು ಮಡಿಸಿ, ರೋಗಿಗೆ ಸಮೀಪವಾಗಿ ನಿಲ್ಲಬೇಕು. ತಿರುಗಬೇಕಾದಾಗ ಸೊಂಟವನ್ನು ತಿರುಚದೆ ಪಾದಗಳನ್ನೇ ತಿರುಗಿಸಬೇಕು. ಇಬ್ಬರು ಮೂವರು ಸೇರಿದಾಗ ಒಬ್ಬರೇ ಆಜ್ಞೆ ಕೊಡಬೇಕು. ಅಪಘಾತದಲ್ಲಿ ಬೆನ್ನೆಲುಬಿಗೆ ಪೆಟ್ಟಾಗಿರುವ ಶಂಕೆಯಿದ್ದರೆ ತಲೆ, ಮುಂಡ, ಕಾಲುಗಳನ್ನು ಒಂದೇ ದಿಮ್ಮಿಯಂತೆ ಹೊರಳಿಸಬೇಕು. ತಲೆಯನ್ನು ಹಿಡಿದವರೇ ಆಗ ಆಜ್ಞೆ ಕೊಡುವರು.

ಎತ್ತುವುದಕ್ಕಿಂತ ಜಾರಿಸುವುದು ಮೇಲು. ಘರ್ಷಣಾಂಕವು ಅರ್ಧವಿದ್ದರೆ 60 ಕಿಲೋ ತೂಕದ ರೋಗಿಯನ್ನು ಸರಿಸಲು 30 ಕಿಲೋ ಬಲ ಬೇಕು. ಐದನೆಯ ಒಂದು ಪಾಲಿದ್ದರೆ 12 ಕಿಲೋ ಸಾಕು. ನವಲಗುಂದದ ಪ್ರಸಿದ್ಧ ಹತ್ತಿಯ ಜಮಖಾನ ಕುಳಿತುಕೊಳ್ಳಲು ಹಿತ, ಆದರೆ ಅದರ ಮೇಲೆ ಮೈ ಜಾರದು. ನುಣುಪಾದ ನೈಲಾನಿನ ಬಟ್ಟೆಯನ್ನು ಎರಡು ಪದರವಾಗಿ ರೋಗಿಯ ಕೆಳಗೆ ಹೊರಳಿಸಿ ಸೇರಿಸಿದರೆ ಪದರಗಳು ಒಂದರ ಮೇಲೊಂದು ಜಾರುವುವು; ರೋಗಿಯ ಚರ್ಮವೂ ತರಚುವುದಿಲ್ಲ. ಕೆಲಸ ಮುಗಿದೊಡನೆ ಬಟ್ಟೆಯನ್ನು ತೆಗೆಯಬೇಕು. ಇಲ್ಲವಾದರೆ ರೋಗಿಯೇ ಮಂಚದಿಂದ ಜಾರಿಯಾನು.

ಕಂಕುಳಲ್ಲಿ ಕೈಹಾಕಿ ಎಳೆದೆಬ್ಬಿಸುವುದು ನಮ್ಮ ಮನೆಗಳಲ್ಲಿ ಸಾಮಾನ್ಯ ಪದ್ಧತಿ. ಇದನ್ನು ಬಿಡಬೇಕು, ಪಾರ್ಶ್ವವಾಯು ಪೀಡಿತರ ದುರ್ಬಲ ಭುಜದ ಕೀಲು ಇದರಿಂದ ಕೆಡುವುದು. ಕಾಲೂರಲು ಶಕ್ತಿಯುಳ್ಳವರಾದರೆ ಅವರನ್ನು ಮಂಚದ ಅಂಚಿಗೆ ಕುಳ್ಳಿರಿಸಿ, ಪಾದಗಳನ್ನು ಹಿಂದಕ್ಕೆ ಸರಿಸಿ, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದೆ ಬಾಗಲು ಹೇಳಿರಿ. ಗುರುತ್ವಕೇಂದ್ರವು ಪಾದಗಳ ಮೇಲೆ ಬಂದೊಡನೆ ಎದ್ದೇಳುವುದು ಸುಲಭವಾಗುವುದು. ನಡೆಯುವಾಗ ರೋಗಿ ಬೀಳತೊಡಗಿದರೆ ಎತ್ತಿ ಹಿಡಿಯಲು ಹೋಗದೆ, ತಲೆಯನ್ನು ಕಾಪಾಡುತ್ತ ಮೆಲ್ಲನೆ ನೆಲಕ್ಕೆ ಇಳಿಸುವುದು ಇಬ್ಬರಿಗೂ ಕ್ಷೇಮ.

ಆದರೆ ಒಂದು ಸತ್ಯವನ್ನು ಮರೆಯಬಾರದು: ಭಂಗಿ ಎಷ್ಟೇ ಸರಿಯಿದ್ದರೂ ಮನುಷ್ಯನ ಬೆನ್ನಿಗೆ ಮಿತಿಯಿದೆ. ಅಮೆರಿಕದ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ, ರೋಗಿಗಳನ್ನು ಎತ್ತುವಾಗ ಒಬ್ಬರು ಹೊರಬಹುದಾದ ಭಾರಕ್ಕೆ ಸುಮಾರು 16 ಕಿಲೋ ಮಿತಿಯನ್ನು ಸೂಚಿಸಿದರು. 100 ಕಿಲೋ ತೂಗುವವರ ಒಂದು ಕಾಲೇ ಸುಮಾರು ಅಷ್ಟು ತೂಗುವುದು! ಆದ್ದರಿಂದಲೇ ಕೇವಲ ತರಬೇತಿಯಿಂದ ಬೆನ್ನುನೋವು ತಪ್ಪದೆಂದೂ, ಜಾರುಬಟ್ಟೆ, ಎತ್ತುಯಂತ್ರ, ಸಾಕಷ್ಟು ಸಹಾಯಕರು ಇವೂ ಬೇಕೆಂದೂ ಇಂದಿನ ವಿಜ್ಞಾನ ಹೇಳುತ್ತದೆ. ಇವುಗಳನ್ನು ಒದಗಿಸುವ ಹೊಣೆಯು ದಾದಿಯದಲ್ಲ, ಆಸ್ಪತ್ರೆಯನ್ನು ನಡೆಸುವವರದು.

ನಮ್ಮ ಮನೆಗಳಲ್ಲಿ ಅಜ್ಜಿಯನ್ನು ಎಬ್ಬಿಸುವವರು, ಹಾಸಿಗೆ ಹಿಡಿದ ತಂದೆಯ ಮಗ್ಗುಲು ಬದಲಿಸುವವರು ಅನೇಕ ವೇಳೆ ಒಬ್ಬಳೇ ತಾಯಿ, ಒಬ್ಬಳೇ ಸೊಸೆ. ಆಕೆಯ ಬೆನ್ನು ಮುರಿದರೆ ರೋಗಿಗಳು ಇಬ್ಬರಾಗುವರು. ಸನ್ನೆ ಮತ್ತು ಘರ್ಷಣೆಗಳ ಪಾಠವನ್ನು ಓದಿರುವ ವಿದ್ಯಾರ್ಥಿಗಳು ಆ ಮಂಚದ ಇನ್ನೊಂದು ಬದಿಯಲ್ಲಿ ನಿಂತು ಕೈಗೂಡಿಸಿದರೆ ಓದು ಸಾರ್ಥಕವಾಗುವುದು.